ಹದಿನಾರು ಫ್ರೇಮುಗಳ ಸರಾಸರಿ

ಎರಡು ಕ್ಯಾಮೆರಾಗಳ ಕತ್ತಲೆಯನ್ನು ಪಕ್ಕಪಕ್ಕದಲ್ಲಿಟ್ಟು ಯಾವುದರ ಕತ್ತಲೆ ಹೆಚ್ಚು ಶುಭ್ರವಾಗಿದೆಯೆಂದು ಹೇಳುವುದು ಅವನ ಉದ್ಯೋಗವಾಗಿತ್ತು. ಹದಿನೈದು ವರ್ಷದಿಂದ ಒಂದು ಫೋಟೋಗ್ರಫಿ ಪತ್ರಿಕೆಗೆ ಇದನ್ನೇ ಬರೆಯುತ್ತ ಬಂದಿದ್ದ. ಒಳ್ಳೆಯ ಬೆಳಕಿನಲ್ಲಿ ಎಲ್ಲ ಕ್ಯಾಮೆರಾಗಳೂ ಸಭ್ಯವೇ; ಯಾವುದರ ಯೋಗ್ಯತೆ ಏನೆಂದು ತಿಳಿಯುವುದು ಬೆಳಕು ಸಾಲದಾದಾಗ. ಆಗ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರು ತಾನು ಕಂಡದ್ದರ ಜೊತೆಗೆ ತನ್ನ ಗೊಣಗಾಟವನ್ನೂ ಸೇರಿಸಿಬಿಡುತ್ತದೆ, ಕಪ್ಪು ಜಾಗದ ಮೇಲೆಲ್ಲ ಯಾರೋ ಬಣ್ಣದ ಮರಳು ಎರಚಿದ ಹಾಗೆ. ಅದಕ್ಕೆ ನಾಯ್ಸ್ ಎಂದು ಹೆಸರು. ಕಿವಿಗೆ ಕೇಳದ ಆ ಗದ್ದಲವನ್ನು ಅಳೆಯುವುದು, ಹೊರಗಿನ ಉರಿಬಿಸಿಲನ್ನೂ ಒಳಗಿನ ಮಬ್ಬನ್ನೂ ಒಂದೇ ಚಿತ್ರದಲ್ಲಿ ಹಿಡಿದಿಡುವ ತಾಕತ್ತು, ಅಂದರೆ ಡೈನಾಮಿಕ್ ರೇಂಜ್, ಯಾವುದಕ್ಕೆ ಎಷ್ಟಿದೆಯೆಂದು ನೋಡುವುದು, ಇಷ್ಟೇ ಕೆಲಸ. ಪತ್ರಿಕೆಯ ಕಚೇರಿಯಲ್ಲಿ ಅವನನ್ನು 'ಕತ್ತಲೆ ಮೇಷ್ಟ್ರು' ಎನ್ನುತ್ತಿದ್ದರು. ಕತ್ತಲೆಗೆ ಮಾರ್ಕ್ಸ್ ಹಾಕುವವನು. ಅವನೂ ನಗುತ್ತಿದ್ದ. ನಕ್ಕ ಮೇಲೆ ಸ್ವಲ್ಪ ಹೊತ್ತು ಬಾಯಿ ಕಹಿಯಾಗಿರುತ್ತಿತ್ತು.

ಆ ಮಂಗಳವಾರ ಬೆಳಗ್ಗೆ ಅವನು ನಾಲ್ಕು ವರ್ಷ ಹಳೆಯದೊಂದು ಸೆನ್ಸರನ್ನು ಈಚಿನದರ ಜೊತೆ ಹೋಲಿಸುತ್ತಿದ್ದ. ನಾಲ್ಕು ವರ್ಷದಲ್ಲಿ ನಿಜಕ್ಕೂ ಏನಾದರೂ ಬದಲಾಗಿದೆಯೇ ಎಂಬುದು ಲೇಖನದ ವಿಷಯ. ಹಳೆಯ ಚಿತ್ರಗಳೆಲ್ಲ ಅವನ ಹತ್ತಿರ ಇದ್ದವು, ಏಕೆಂದರೆ ಯಾವ ಕ್ಯಾಮೆರಾ ಬಂದರೂ ಅವನು ತೆಗೆಯುತ್ತಿದ್ದದ್ದು ಒಂದೇ ಚಿತ್ರ: ತನ್ನ ಮನೆಯ ಮುಂಕೋಣೆ. ರೈಲಿನ ಡಬ್ಬಿಯ ಹಾಗೆ ಉದ್ದನೆಯ ಕೋಣೆ ಅದು. ಒಂದು ತುದಿಯಲ್ಲಿ ಒಂದೇ ಕಿಟಕಿ, ಅದರಾಚೆ ಮಧ್ಯಾಹ್ನದ ಬೀದಿ ಸುಣ್ಣ ಬಳಿದಂತೆ ಬೆಳ್ಳಗೆ. ಇನ್ನೊಂದು ತುದಿಯಲ್ಲಿ, ಒಳಮನೆಗೆ ಹೋಗುವ ಬಾಗಿಲ ಪರದೆಯ ಪಕ್ಕ, ಮುಕ್ಕಾಲಿಯ ಮೇಲೆ ಕ್ಯಾಮೆರಾ. ನಡುವೆ ಎಡಗೋಡೆಗೆ ಒತ್ತಿ ಆಳೆತ್ತರದ ಕಪಾಟು. ಅದರ ಈಚೆ ಮಗ್ಗುಲಲ್ಲಿ, ಕಿಟಕಿಯ ಬೆಳಕು ಒಂದಿಷ್ಟೂ ಬೀಳದ ಕಡೆ, ಒಂದು ಬೆತ್ತದ ಕುರ್ಚಿ. ಆ ಮೂಲೆಯೇ ಅವನ ಪರೀಕ್ಷೆ. ಬೀದಿ ಬರೀ ಬಿಳಿಯಾಗಿ ಸುಟ್ಟುಹೋಗದಂತೆ ಚಿತ್ರ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಆ ಮೂಲೆಯ ಕಪ್ಪನ್ನು ಮೇಲಕ್ಕೆತ್ತಿ, ಅಂದರೆ ಬೆಳಗಿಸಿ, ಕುರ್ಚಿಯ ಹೆಣಿಗೆ ಎಷ್ಟು ಕಾಣುತ್ತದೆ, ಮರಳು ಎಷ್ಟು ಎಂದು ನೋಡುತ್ತಿದ್ದ. ಹೆಜ್ಜೆಯ ಅದುರು ಕೂಡ ಚಿತ್ರ ಕೆಡಿಸುತ್ತದೆಂದು ಕ್ಯಾಮೆರಾ ಹೊಂದಿಸಿದ ಮೇಲೆ ತಾನು ಕಿಟಕಿಯ ಪಕ್ಕಕ್ಕೆ ಹೋಗಿ, ಬೀದಿಗೆ ಮುಖ ಮಾಡಿ, ರಿಮೋಟಿನ ಗುಂಡಿ ಒತ್ತುತ್ತ ನಿಲ್ಲುತ್ತಿದ್ದ. ಅಲ್ಲಿಂದ ಕಪಾಟಿನ ಇನ್ನೊಂದು ಮಗ್ಗುಲು ಕಾಣುತ್ತಿತ್ತೇ ಹೊರತು ಕುರ್ಚಿ ಕಾಣುತ್ತಿರಲಿಲ್ಲ. ಬೇಸರ ಕಳೆಯಲು ಫೋನಿನಲ್ಲಿ ಯಾರ ಜೊತೆಗಾದರೂ ಹರಟುತ್ತಿದ್ದ.

ಹಳೆಯ ಸೆನ್ಸರಿನ ಒಂದು ಫ್ರೇಮಿನಲ್ಲಿ, ಅಂದರೆ ಒಮ್ಮೆ ಗುಂಡಿ ಒತ್ತಿ ತೆಗೆದ ಚಿತ್ರದಲ್ಲಿ, ಮೂಲೆ ಎತ್ತಿದರೆ ಬರೀ ಮರಳು. ಹೊಸದರ ಜೊತೆ ನ್ಯಾಯವಾಗಿ ಹೋಲಿಸಬೇಕಾದರೆ ಹದಿನಾರು ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯಬೇಕು. ನಾಯ್ಸ್‌ಗೆ ನೆಲೆಯಿಲ್ಲ, ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುತ್ತದೆ, ಹೀಗೆ ಪೇರಿಸಿದಾಗ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಇದ್ದದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಹಳೆಯದನ್ನು ಪರೀಕ್ಷಿಸಿದ ದಿನ ಅವನು ಹದಿನಾರರಂತೆ ಮೂರು ಸರಣಿ ತೆಗೆದಿದ್ದ. ಮೊದಲನೆಯದನ್ನು ಪೇರಿಸಿದ. ಮರಳು ಇಳಿಯಿತು, ಖಾಲಿ ಕುರ್ಚಿ ಕಂಡಿತು, ಬೆನ್ನಿನ ಹೆಣಿಗೆ ಕೂಡ. ನಾಲ್ಕು ವರ್ಷದ ಹಿಂದಿನ ಸೆನ್ಸರಿಗೆ ಪರವಾಗಿಲ್ಲವೆಂದು ಟಿಪ್ಪಣಿ ಬರೆದುಕೊಂಡ. ಎರಡನೆಯದನ್ನು ಪೇರಿಸಿದಾಗ ಹೆಣಿಗೆ ಕಾಣಲಿಲ್ಲ. ಏನೋ ಅಡ್ಡವಿತ್ತು. ಲೆಕ್ಕ ತಪ್ಪಿತೆಂದು ಮತ್ತೆ ಮಾಡಿದ, ಎರಡು ಫ್ರೇಮು, ನಾಲ್ಕು, ಎಂಟು. ನೀರು ತಿಳಿಯಾದಂತೆಲ್ಲ ತಳದ ಕಲ್ಲು ಮೇಲೆ ಬರುವ ಹಾಗೆ ಅದು ಬಂತು. ಮೊದಲು ಬೋಗುಣಿಯಂಥ ಒಂದು ದುಂಡು, ಆಮೇಲೆ ಅದರ ಕೆಳಗೆ ಇಳಿಜಾರು, ಆಮೇಲೆ ತೊಡೆಯ ಮೇಲೆ ಜೋಡಿಸಿಟ್ಟ ಎರಡು ಮಸುಕು. ಹದಿನಾರಕ್ಕೆ ಬಂದಾಗ ಒಬ್ಬ ಹೆಂಗಸು ನೆಟ್ಟಗೆ ಕೂತಿದ್ದಳು. ಮುಖವಿರಲಿಲ್ಲ, ಮುಖವಿರಬೇಕಾದ ಕಡೆ ಉಳಿದ ಕತ್ತಲೆಗಿಂತ ಒಂದು ಪಾಲು ಕಡಿಮೆ ಕತ್ತಲೆಯಿತ್ತು. ಮೂರನೆಯ ಸರಣಿಯಲ್ಲಿ ಅವಳು ಮುಂದಕ್ಕೆ ಬಾಗಿದ್ದಳು, ಮೊಣಕಾಲಿನ ಮೇಲೆ ಕೈಯೂರಿ, ಹೊಟ್ಟೆ ಹಿಡಿದುಕೊಂಡವರ ಹಾಗೆ ಅಥವಾ ಕಿವಿಗೊಟ್ಟು ಕೇಳುವವರ ಹಾಗೆ.

ಅಕ್ಕ, ಎಂದುಕೊಂಡ.

ಆ ಕುರ್ಚಿ ಅಕ್ಕನದು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಿಂದ ನಿವೃತ್ತಳಾದ ಮೇಲೆ ಮೂರು ವರ್ಷ ಅವಳು ಇವರ ಮನೆಯಲ್ಲಿದ್ದಳು. ಮದುವೆಯಾಗಿರಲಿಲ್ಲ. ಅಮ್ಮ ಸತ್ತಾಗ ಅವನಿಗೆ ಆರು ವರ್ಷ, ಅವಳಿಗೆ ಹತ್ತೊಂಬತ್ತು. ಸಾಕಿ ಬೆಳೆಸಿದವಳು ಅವಳೇ. ಫಿಲ್ಮು ತೊಳೆಯುವ ಕತ್ತಲೆಕೋಣೆಗೆ ಅವನನ್ನೂ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಕೆಂಪು ದೀಪದಲ್ಲಿ ಯಾರದೋ ಪಕ್ಕೆಲುಬುಗಳು ನೀರಿನಿಂದೆದ್ದು ಬರುವುದನ್ನು ಅವನು ನೋಡುತ್ತಿದ್ದ, ಅವಳ ಸೆರಗಿಗೆ ಹುಳಿಯಾದ ಔಷಧಿಯ ವಾಸನೆ. ಮೂವತ್ತೆಂಟು ವರ್ಷ ರೋಗಿಗಳಿಗೆ ಹೇಳಿ ಹೇಳಿ 'ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ, ಹ್ಞಾಂ, ಬಿಡಿ' ಎಂಬುದು ಅವಳ ಬಾಯಿಗೆ ಅಂಟಿಕೊಂಡುಬಿಟ್ಟಿತ್ತು. ಬಾಗಿಲು ಹಾಕುವಾಗ, ಹಾಲು ಉಕ್ಕುವುದನ್ನು ಕಾಯುವಾಗ, ಸುಮ್ಮನೆ ಕೂತಾಗಲೂ ಪಿಸಪಿಸ ಅನ್ನುತ್ತಿದ್ದಳು. ನಡುನಡುವೆ ಕಟ್ಟಿಸಿಕೊಂಡ ಹಲ್ಲುಸೆಟ್ಟು ಟಕ್ಕೆನ್ನುತ್ತಿತ್ತು. ಬೆಳಕು ಹೆಚ್ಚಾದರೆ ಕಣ್ಣು ನೋಯುತ್ತದೆಂದು ಮಧ್ಯಾಹ್ನ ಆ ಮೂಲೆಯಲ್ಲಿ ಕೂರುತ್ತಿದ್ದಳು. ಅವನಿಗೆ ಆ ಪಿಸುಮಾತು, ಆ ಟಕ್ಕು, ಆ ಮೂಲೆಯಲ್ಲೊಂದು ಮೌನ, ಎಲ್ಲವೂ ಬರಬರುತ್ತ ಅಸಹ್ಯವಾಗತೊಡಗಿತ್ತು. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಸಾಕಿದವಳ ಬಗ್ಗೆ ಹಾಗೆ ಅನ್ನಿಸುವವನು ಎಂಥವನು? ಹಾಗಾಗಿ ಅವನು ಒಂದು ದಾರಿ ಕಂಡುಕೊಂಡಿದ್ದ: ಅನ್ನಿಸುತ್ತಿರುವುದು ತನಗಲ್ಲ, ಹೆಂಡತಿಗೆ. ಹೆಂಡತಿ ಹಾಗೇನೂ ಅಂದಿರಲಿಲ್ಲ. ಆದರೆ ಅನ್ನದಿರುವವರ ಬಾಯಿಗೆ ಮಾತು ತುರುಕುವುದು ಸುಲಭ.

ಫೈಲಿನ ಮೇಲೆ ತಾರೀಖಿತ್ತು. ಹನ್ನೊಂದು, ಗುರುವಾರ. ಎರಡನೆಯ ಸರಣಿ ಹನ್ನೆರಡೂ ಐವತ್ತೆರಡಕ್ಕೆ, ಮೂರನೆಯದು ಒಂದೂ ನಾಲ್ಕಕ್ಕೆ. ಹದಿಮೂರನೇ ತಾರೀಖು ಶನಿವಾರ ಅಕ್ಕ ತಿಂಡಿಯ ಹೊತ್ತಿಗೆ, ತಟ್ಟೆಯಿಂದ ತಲೆಯೆತ್ತದೆ, ತನಗೊಂದು ರೂಮು ಸಿಕ್ಕಿದೆ, ನಾಳೆ ಹೋಗುತ್ತೇನೆ ಎಂದಿದ್ದಳು. ಅವನು ಬೇಡವೆಂದು ಎರಡು ಸಲ ಹೇಳಿದ್ದ. ಮೂರನೆಯ ಸಲ ಹೇಳಿದರೆ ಎಲ್ಲಿ ಒಪ್ಪಿಬಿಡುತ್ತಾಳೋ ಎಂದು ನಿಲ್ಲಿಸಿದ್ದ. ಆಮೇಲೆ ನೆಂಟರಿಷ್ಟರಿಗೆಲ್ಲ, 'ಅವಳೇ ಹೋಗಿದ್ದು, ಸ್ವತಂತ್ರವಾಗಿ ಇರ್ಬೇಕಂತೆ' ಎನ್ನುತ್ತಿದ್ದ. ಹೋಗುವವಳು ಒಂದು ಮಾತು ಕಾರಣ ಹೇಳಲಿಲ್ಲವಲ್ಲ ಎಂದು ಅವನಿಗೆ ಅವಳ ಮೇಲೆ ಸಣ್ಣ ಸಿಟ್ಟೂ ಇತ್ತು. ನಾಲ್ಕು ವರ್ಷ ಆ ಸಿಟ್ಟನ್ನು ಬೆಚ್ಚಗೆ ಇಟ್ಟುಕೊಂಡಿದ್ದ. ಈಗ ಕಂಪ್ಯೂಟರಿನ ಪರದೆಯ ಮೇಲೆ ಆ ಬಾಗಿದ ಬೆನ್ನು.

ಒಂದೂ ನಾಲ್ಕಕ್ಕೆ ಅವನು ಏನು ಮಾತಾಡುತ್ತಿದ್ದನೆಂದು ನೆನಪಿಸಿಕೊಳ್ಳಬೇಕಾಗಿರಲಿಲ್ಲ. ಫೋನಿನ ಆ ಕಡೆ ಇದ್ದವನು ಪತ್ರಿಕೆಯ ಸಹೋದ್ಯೋಗಿ. ನಕ್ಕರೆ ಹಲ್ಲೆಲ್ಲ ಹೊಳೆಯುವುದರಿಂದ ಅವನಿಗೆ ಫ್ಲ್ಯಾಶ್ ಎಂದು ಹೆಸರು. ಫ್ಲ್ಯಾಶನ್ನು ನಗಿಸುವುದೆಂದರೆ ಇವನಿಗೆ ಒಂದು ಚಪಲ. ಅವತ್ತು ಅಕ್ಕನನ್ನು ಅಣಕಿಸಿ ನಗಿಸಿದ್ದ. ಅಕ್ಕ ಹಿಂದಿನ ಕೋಣೆಯಲ್ಲಿ ಮಲಗಿದ್ದಾಳೆಂದುಕೊಂಡಿದ್ದ. ನಾಲಗೆಯಿಂದ ಟಕ್ಕೆನಿಸಿ, ದನಿ ನಡುಗಿಸಿ, 'ಅನ್ನ ಬಾಯಿಗಿಟ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ, ಹ್ಞಾಂ, ನುಂಗಿ'. ಫ್ಲ್ಯಾಶ್ ಬಿದ್ದು ಬಿದ್ದು ನಗುತ್ತಿದ್ದ. ಆ ನಗು ಸಾಲದೆಂದು ಇನ್ನೂ ಮುಂದೆ ಹೋಗಿ, 'ಮನೇಲಿ ಒಂದು ಜೀವಂತ ಎಕ್ಸ್‌ರೇ ಇಟ್ಕೊಂಡಂಗಾಗಿದೆ ಗುರುವೇ, ಎಲ್ಲಿ ನೋಡಿದ್ರೂ ಮೂಳೆ. ಸಾಯೋದೂ ಇಲ್ಲ, ಹೋಗೋದೂ ಇಲ್ಲ' ಎಂದಿದ್ದ. ಆ ಮಾತು ಬಾಯಿಂದ ಹೊರಟಾಗ ತನಗೇ ಬೆನ್ನಲ್ಲಿ ಚಳಿಯಾದದ್ದು ಅವನಿಗೆ ನೆನಪಿತ್ತು. ಹಿಂದೆ ತಿರುಗಿ ನೋಡಿದ್ದ ಕೂಡ. ಬಿಸಿಲು ನೋಡಿದ ಕಣ್ಣಿಗೆ ಕೋಣೆಯೆಲ್ಲ ಬರೀ ಹಸಿರು ಹಸಿರು ಚುಕ್ಕೆ. ಅವಳು ಎದ್ದು ಹೋದದ್ದು ಯಾವಾಗ? ತನ್ನ ಬೆನ್ನ ಹಿಂದೆ, ಯಾವ ಮಾತಿಗೆ?

ಬಿಟ್ಟುಬಿಡಬಹುದಿತ್ತು. ಕಿಟಕಿಯ ಕಡೆಯ ಭಾಗ ಮಾತ್ರ ಕತ್ತರಿಸಿ ಲೇಖನಕ್ಕೆ ಹಾಕಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಡುಗೆಮನೆಗೆ ಹೋಗಿ ನೀರು ಕುಡಿದು ವಾಪಸು ಬರುವಾಗ ಮುಂಕೋಣೆಯ ಆ ಮೂಲೆಯನ್ನು ದಾಟಲು ಅವನಿಗೆ ಆಗಲಿಲ್ಲ. ಕುರ್ಚಿ ಖಾಲಿಯಿತ್ತು. ಖಾಲಿಯಿದೆಯೆಂದು ಕಣ್ಣು ಹೇಳಿತು. ಕಣ್ಣಿನ ಮಾತನ್ನು ನಂಬುವುದು ಹೇಗೆಂದು ಗೊತ್ತಾಗದೆ ಗೋಡೆಗೊರಗಿ ನಿಂತ. ಕೈ ಚಾಚಿ ಕುರ್ಚಿಯ ಮೇಲಿನ ಗಾಳಿಯನ್ನು ಸವರಿ ನೋಡಿ, ತಾನು ಮಾಡಿದ್ದಕ್ಕೆ ತಾನೇ ನಾಚಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಎರಡು ಬಸ್ಸು ಬದಲಿಸಬೇಕು. ಅಕ್ಕನ ರೂಮು ಬೀಗದ ಕೈ ಮಾಡುವವನ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಷ್ಟು ಹೊತ್ತೂ ಕೆಳಗೆ ಅರ ಉಜ್ಜುವ ಸದ್ದು ಹಲ್ಲಿಗೆ ತಾಗುತ್ತಿತ್ತು. ನಾಲ್ಕು ವರ್ಷದಲ್ಲಿ ಅವನು ಇಲ್ಲಿಗೆ ಮೂರೇ ಸಲ ಬಂದಿದ್ದ, ಒಂದೊಂದು ಸಲವೂ ಹಣ್ಣಿನ ಪೊಟ್ಟಣ ಹಿಡಿದು, ಗಡಿಯಾರ ನೋಡುತ್ತ. ಈಗ ಬರಿಗೈ. ಅಕ್ಕ ಬಾಗಿಲು ತೆಗೆದು, ಅವನ ಮುಖ ನೋಡಿ, "ಯಾಕೋ ಪುಟ್ಟ, ನಿನ್ನ ಹೆಂಡ್ತಿಗೇನಾಯ್ತು?" ಎಂದಳು.

"ಯಾರಿಗೂ ಏನೂ ಆಗಿಲ್ಲ ಅಕ್ಕ. ಸುಮ್ನೆ ಬಂದೆ."

"ಸುಮ್ನೆ ಬರೋ ಮುಖ ಅಲ್ಲ ಇದು. ಕೂತ್ಕೋ."

ಕಿಟಕಿಯಿಲ್ಲದ ಚಿಕ್ಕ ರೂಮು, ಒಂದು ಸುಕ್ಕೂ ಇಲ್ಲದಂತೆ ಹಾಸಿದ ಮಂಚ. ಗೋಡೆಗೆ ಎಕ್ಸ್‌ರೇ ನೋಡುವ ಹಾಲುಗಾಜಿನ ದೀಪದ ಪೆಟ್ಟಿಗೆ ನೇತುಹಾಕಿದ್ದಳು. ಆಸ್ಪತ್ರೆ ಹೊಸದು ತರಿಸಿದಾಗ ಹಳೆಯದನ್ನು ಇವಳಿಗೆ ಕೊಟ್ಟಿದ್ದರು. ಅದೇ ರೂಮಿನ ದೀಪ. ಅದರ ಬೆಳಕಿನಲ್ಲಿ ಅವಳ ಮುಖದ ಮೂಳೆಗಳು ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅವನು ಕೂತ, ಎದ್ದ, ಮತ್ತೆ ಕೂತ. ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಚೆಲ್ಲಾಪಿಲ್ಲಿಯಾಗಿ, ಕೊನೆಗೆ ಎಲ್ಲವನ್ನೂ ಒದರಿದ. ಅವತ್ತು ತಾನು ಫೋನಿನಲ್ಲಿ ಆಡಿದ್ದು, ಅವಳನ್ನು ಅಣಕಿಸಿದ್ದು, ಜೀವಂತ ಎಕ್ಸ್‌ರೇ ಅಂದದ್ದು, ಸಾಯೋದೂ ಇಲ್ಲ ಹೋಗೋದೂ ಇಲ್ಲ ಅಂದದ್ದು. ಒಂದು ಪದವನ್ನೂ ಮುಚ್ಚಿಡಬಾರದೆಂದು ಹಟ ತೊಟ್ಟು ಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ಹಗುರವಾಗತೊಡಗಿತು, ಕಣ್ಣಲ್ಲಿ ನೀರು ಬಂತು, ಆ ನೀರಿನಲ್ಲಿ ಒಂಚೂರು ಸುಖವೂ ಇತ್ತು. ಹೆಂಡತಿಯ ಬಗ್ಗೆ ಫ್ಲ್ಯಾಶನಿಗೆ ಏನು ಹೇಳಿದ್ದನೋ ಅದನ್ನು ಮಾತ್ರ ಬಿಟ್ಟ. ಅದಕ್ಕೂ ಅಕ್ಕನಿಗೂ ಸಂಬಂಧವಿಲ್ಲ ಎಂದುಕೊಂಡ.

"ನೀನು ಅಲ್ಲೇ ಕೂತಿದ್ದೆ ಅಂತ ನಂಗೆ ಗೊತ್ತಿರ್ಲಿಲ್ಲ ಅಕ್ಕ. ಇವತ್ತು ಹಳೇ ಫೋಟೋದಲ್ಲಿ ಕಂಡೆ. ನೀನು ನಾಲ್ಕು ವರ್ಷ ಒಂದು ಮಾತೂ ಆಡ್ಲಿಲ್ಲ."

ಕೆಳಗೆ ಅರ ಉಜ್ಜುತ್ತಿತ್ತು.

"ಯಾವತ್ತು ಅಂದೆ?"

"ಹನ್ನೊಂದನೇ ತಾರೀಖು. ಗುರುವಾರ. ನೀನು ಹೊರಡೋಕೆ ಮೂರು ದಿನ ಮುಂಚೆ."

"ಅವತ್ತು ನಾನು ಮನೇಲಿರ್ಲಿಲ್ಲವಲ್ಲೋ. ಬೆಳಿಗ್ಗೆ ಹತ್ತಕ್ಕೇ ಇಲ್ಲಿಗೆ ಬಂದಿದ್ದೆ, ರೂಮು ನೋಡೋಕೆ. ಓನರ್ ಕೀ ಕಳ್ಕೊಂಡು, ಕೆಳಗಿನ ಬೀಗದ ಅಂಗಡಿಯವನೇ ಬೀಗ ಒಡೀಬೇಕಾಯ್ತು. ವಾಪಸ್ ಬಂದಾಗ ಸಂಜೆ. ನೀನು ಮಲಗಿದ್ದೆ." ಅವಳು ಎದ್ದು ಹೋಗಿ, ಹೂಜಿಯ ಮುಚ್ಚಳ ಸರಿಯಾಗಿಯೇ ಇದ್ದರೂ ಸರಿಪಡಿಸಿದಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನಾನು ಕಳ್ಳ ಅಂತ ಅಂದೇ ಇಲ್ಲ. ನೀನು ಕುಂಬಳಕಾಯೀನೇ ಹೊತ್ಕೊಂಡು ಎರಡು ಬಸ್ ಹತ್ತಿ ಬಂದಿದ್ದೀಯ."

ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ಕಿವಿ ಸುಡತೊಡಗಿತು. ನಾಲ್ಕು ವರ್ಷ ಅವಳಿಗೆ ಆ ಮಾತು ಗೊತ್ತೇ ಇರಲಿಲ್ಲ. ಈಗ ಗೊತ್ತು. ಹೇಳಿದವನು ಬೇರೆ ಯಾರೂ ಅಲ್ಲ, ಪದ ಬಿಡದೆ, ಅತ್ತುಕೊಂಡು.

"ಹೇಗೆ ಮಾಡ್ದೆ? ಮಾಡಿ ತೋರಿಸು."

"ಏನು?"

"ನನ್ನ ಥರ. ನೋಡೋಣ, ಮಾಡು."

"ಅಕ್ಕ, ಬೇಡ."

"ಯಾವನನ್ನೋ ನಗಿಸೋಕೆ ಮಾಡ್ದೆ. ನಂಗೆ ತೋರ್ಸೋಕೆ ನಾಚಿಕೆನಾ? ಮಾಡು ಅಂದ್ನಲ್ಲ."

ಆರು ವರ್ಷದವನಿಗೆ ಔಷಧಿ ನುಂಗಿಸುತ್ತಿದ್ದ ದನಿ ಅದು. ಅವನು ಮಾಡಿದ. ನಾಲಗೆ ಟಕ್ಕೆನ್ನಲಿಲ್ಲ, ಬಾಯಿ ಒಣಗಿತ್ತು. ಎರಡನೆಯ ಸಲ ಅಂದಿತು. ಅಕ್ಕ ಕತ್ತು ಸ್ವಲ್ಪ ವಾರೆ ಮಾಡಿಕೊಂಡು, ಫಿಲ್ಮಿನಲ್ಲಿ ಬಿರುಕು ಹುಡುಕುವವಳ ಹಾಗೆ, ಕೊನೆಯವರೆಗೂ ನೋಡಿದಳು.

"ಹ್ಞಾಂ," ಎಂದಳು. "ಹಾಗೇ ಅಂತೀನಿ ಅನ್ಸುತ್ತೆ. ಯಾರೂ ಹೇಳಿರ್ಲಿಲ್ಲ." ಆಮೇಲೆ ಕೈಚಾಚಿ, "ಆ ಫೋಟೋ ಕೊಡು ಇಲ್ಲಿ. ನಾನಲ್ದೆ ಇನ್ಯಾರು ಕೂತಿದ್ರು ನೋಡೋಣ" ಎಂದಳು.

ಅವನು ಲ್ಯಾಪ್‌ಟಾಪು ತೆರೆದಿಟ್ಟ. ಅವಳು ಗೋಡೆಯ ದೀಪ ಆರಿಸಿದಳು. ಕಣ್ಣು ಕತ್ತಲೆಗೆ ಹೊಂದುವವರೆಗೆ ಅದರ ಪರದೆಯನ್ನು ನೋಡದೆ ಸುಮ್ಮನೆ ಕೂತಿದ್ದಳು. ಆಮೇಲೆ ನೋಡಿದಳು. ಅವನು ಹದಿನೈದು ವರ್ಷದಿಂದ ಕತ್ತಲೆಯನ್ನು ಅಳೆಯುತ್ತಿದ್ದವನು, ಆದರೆ ಅವಳು ನೋಡುವ ರೀತಿಯೇ ಬೇರೆ. ಒಳಗೆ ಏನಿರಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳದೆ ನೋಡುತ್ತಿದ್ದಳು. ಮುಖದ ಕಡೆ ಹೋಗಲೇ ಇಲ್ಲ. ಬೆರಳನ್ನು ತಾಗಿಸದೆ ಭುಜದ ಗೆರೆಯ ಮೇಲೆ ಆಡಿಸಿದಳು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ.

"ಇದು ನಾನಲ್ಲ. ಇವಳ ಎಡ ಭುಜ ಎರಡು ಬೆರಳು ಕೆಳಗಿದೆ ನೋಡು, ಕತ್ತಿನ ಹತ್ರ ಉಬ್ಬಿದೆ. ಕಾಲರ್ ಬೋನ್ ಮುರಿದು ಸರಿಯಾಗಿ ಕೂಡ್ಲಿಲ್ಲ ಅಂದ್ರೆ ಹೀಗಾಗುತ್ತೆ." ಬೆರಳನ್ನು ಅಲ್ಲೇ ನಿಲ್ಲಿಸಿ, "ಈ ಮೂಳೆ ಫಿಲ್ಮು ನಾನೇ ತೆಗ್ದಿದ್ದು ಕಣೋ. ನಿಮ್ಮ ಮದುವೆಯಾದ ವರ್ಷ ಸ್ಟೂಲಿಂದ ಬಿದ್ದಿದ್ಳಲ್ಲ" ಎಂದಳು.

ಅವನು ನೋಡಿದ. ಒಮ್ಮೆ ಹೇಳಿದ ಮೇಲೆ ಅದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ದಿನವೂ ಎದುರಿಗೆ ಕೂತು ಉಣ್ಣುವ ಭುಜ. ಬಟ್ಟೆ ಒಣಹಾಕುವಾಗ ಒಂದು ಪಕ್ಕಕ್ಕೆ ಇಳಿಯುವ ಭುಜ. ಅದನ್ನು ಅವನು ಅಕ್ಕನದೆಂದುಕೊಂಡಿದ್ದ, ಏಕೆಂದರೆ ಕುರ್ಚಿ ಅಕ್ಕನದು. ಆದರೆ ಹೆಂಡತಿ ಆ ಹೊತ್ತಿನಲ್ಲಿ ಮನೆಯಲ್ಲಿರಲು ಸಾಧ್ಯವಿರಲಿಲ್ಲ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಅವಳ ಪಾಳಿ ಬೆಳಗ್ಗೆ ಏಳರಿಂದ ಎರಡರವರೆಗೆ, ಮನೆ ಸೇರುವಾಗ ಎರಡೂವರೆ.

"ಅವಳ ವಿಷಯ ಏನಂದೆ ಫೋನಲ್ಲಿ?" ಅಕ್ಕ ಕತ್ತಲೆಯಲ್ಲೇ ಕೇಳಿದಳು.

"ಏನಿಲ್ಲ."

"ಪುಟ್ಟ."

"ನಂದೇನಿಲ್ಲ, ನಮ್ಮನೆಯವಳಿಗೆ ಅಕ್ಕನ್ನ ಕಂಡ್ರೆ ಆಗಲ್ಲ, ದಿನಾ ರಾಗ ತೆಗೀತಾಳೆ, ನಡುವೆ ನಾನು ಸಾಯ್ತಿದ್ದೀನಿ ಅಂದೆ."

"ಅಂದಿದ್ಳಾ?"

ಅವನು ತಲೆಯಾಡಿಸಿದ. ಕತ್ತಲೆಯಲ್ಲಿ ಕಾಣಲಿಲ್ಲವೇನೋ ಎಂದು ಬಾಯಿಬಿಟ್ಟು ಹೇಳಿದ, "ಇಲ್ಲ."

"ನಂಗೂ ಹಾಗೇ ಹೇಳಿದ್ದೆ ನೀನು. ನೇರವಾಗಿ ಅಲ್ಲ. 'ಅವಳ ಸ್ವಭಾವ ನಿಂಗೊತ್ತಲ್ಲ ಅಕ್ಕ, ಸ್ವಲ್ಪ ನೋಡ್ಕೊಂಡು ಹೋಗು' ಅಂತ. ಅದಕ್ಕೇ ನಾನು ರೂಮು ಹುಡುಕಿದ್ದು." ಅಕ್ಕ ದೀಪ ಹಾಕಿದಳು. ಬೆಳಕಿಗೆ ಅವನು ಕಣ್ಣು ಮುಚ್ಚಿದ. ತೆಗೆದಾಗ ಅವಳು ಅವನ ಕಡೆ ನೋಡುತ್ತಿರಲಿಲ್ಲ, ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. "ಹೊರಡೋ ದಿನ ಅವಳು ಬಸ್‌ಸ್ಟಾಪ್ ತನಕ ಬಂದು ಚೀಲ ಹೊತ್ಕೊಂಡಿದ್ಳು. ಆ ಭುಜದ ಮೇಲೇ. ನಾನು ಒಂದ್ ಮಾತಾಡ್ಲಿಲ್ಲ. ಮುಖ ತಿರುಗಿಸ್ಕೊಂಡು ಬಸ್ ಹತ್ತಿದೆ. ನಾಟಕ ಆಡ್ತಾಳೆ ಅಂದ್ಕೊಂಡೆ." ಹಲ್ಲುಸೆಟ್ಟು ಟಕ್ಕೆಂದಿತು, ಅವಳು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ಅದನ್ನು ನೋಡಿದ ಮೇಲೆ ಅವನಿಗೆ ಅಲ್ಲಿ ಕೂತಿರಲು ಆಗಲಿಲ್ಲ.

ಬಸ್ಸಿನಲ್ಲಿ ಬರುವಾಗ ಅವನು ಹೆಂಡತಿಯ ಮುಖ ನೆನಪಿಸಿಕೊಳ್ಳಲು ನೋಡಿದ. ಹಣೆ ಬಂತು, ಕನ್ನಡಕ ಬಂತು, ಒಟ್ಟಾಗಿ ಮುಖ ಬರಲಿಲ್ಲ. ಈ ನಾಲ್ಕು ವರ್ಷದಲ್ಲಿ ಅವಳು ಏನಾದರೂ ಬದಲಾದಳೇ ಎಂದು ಯೋಚಿಸಿದ. ಜಗಳ ಕಡಿಮೆಯಾಗಿತ್ತು. ಅದನ್ನು ಅವನು ದಾಂಪತ್ಯ ಪಳಗಿತೆಂದು ತಿಳಿದಿದ್ದ. ಮಾತು ಕೂಡ ಕಡಿಮೆಯಾಗಿತ್ತು. ಅದನ್ನು ವಯಸ್ಸು ಎಂದುಕೊಂಡಿದ್ದ. ಊಟಕ್ಕೆ ಬಡಿಸಿ ಎದುರಿಗೆ ಕೂತು ಅವನು ಹೇಳುವುದನ್ನೆಲ್ಲ ಕೇಳುತ್ತಿದ್ದಳು, ಕೇಳುವಾಗ ತುಸು ಮುಂದಕ್ಕೆ ಬಾಗಿ. ಅವನು ತನ್ನ ಮಾತಿನ ರುಚಿಗೆ ಬಾಗುತ್ತಾಳೆಂದು ತಿಳಿದಿದ್ದ.

ಮನೆಗೆ ಬಂದಾಗ ಮೂರು ದಾಟಿತ್ತು. ಹೆಂಡತಿ ಮುಂಕೋಣೆಯಲ್ಲಿ, ಕಿಟಕಿಯ ಕೆಳಗೆ, ಬೆಳಕಿನಲ್ಲಿ ಕೂತು ಒಗೆದ ಬಿಳಿ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ಅವನು ಚೀಲ ಇಳಿಸದೆ ನಿಂತೇ ಹೇಳಿದ.

"ಅಕ್ಕನ ಹತ್ರ ಹೋಗಿದ್ದೆ."

"ಹೌದಾ? ಹೇಗಿದ್ದಾರೆ?"

"ಅವಳು ಹೋಗೋ ಮುಂಚೆ ಒಂದು ಗುರುವಾರ… ನಾನು ಫೋಟೋ ತೆಗೀತಿದ್ದಾಗ… ಆ ಕುರ್ಚೀಲಿ…"

"ನಾನಿದ್ದೆ," ಎಂದಳು ಅವಳು. ಸೂಜಿ ನಿಲ್ಲಲಿಲ್ಲ.

"ನಿಂಗೆ ಡ್ಯೂಟಿ ಇತ್ತಲ್ಲ."

"ಗುರುವಾರ ನಂಗೆ ಹನ್ನೆರಡಕ್ಕೇ ಮುಗಿಯುತ್ತೆ ರೀ. ಎಂಟು ವರ್ಷದಿಂದ."

ಅವನಿಗೆ ಅದು ಗೊತ್ತಿರಲಿಲ್ಲ. ಕ್ಯಾಮೆರಾಗಳು ಕೊರಿಯರಿನಲ್ಲಿ ಬುಧವಾರ ಬರುತ್ತಿದ್ದವು, ಶುಕ್ರವಾರ ವಾಪಸು ಹೋಗಬೇಕಿತ್ತು. ಅವನ ಪರೀಕ್ಷೆಗಳೆಲ್ಲ ಗುರುವಾರವೇ. ಎಂಟು ವರ್ಷದ ಗುರುವಾರಗಳು ಅವನ ಕಾಲ ಕೆಳಗೆ ಒಂದೊಂದಾಗಿ ಸರಿದವು.

"ಯಾಕೆ ಸುಮ್ನಿದ್ದೆ?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಆ ದಿನ ತಲೆ ಸಿಡೀತಿತ್ತು, ಹಿಂದಿನ ಬಾಗಿಲಿಂದ ಬಂದು ಕೂತೆ. ನೀವು ಅಕ್ಕನ ಥರ ಮಾತಾಡ್ತಿದ್ರಿ. ಮೊದಲು ನಗು ಬಂತು. ಆಮೇಲೆ ನನ್ನ ಬಗ್ಗೆ ಅಂದ್ರಿ." ಕೋಟನ್ನು ಕೊಡವಿ ಮಡಿಚಿದಳು. "ಅದಾದ್ಮೇಲೆ, ಇನ್ನೇನಂತೀರೋ ಕೇಳೋಣ ಅಂತ ಕೂತೆ. ಆಮೇಲಾಮೇಲೆ ಅಭ್ಯಾಸ ಆಯ್ತು."

"ಅಭ್ಯಾಸ ಅಂದ್ರೆ? ಎಷ್ಟು ಸಲ?"

ಅವಳು ಎದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೌಂಟರಿಗೆ ಬಂದವರಿಗೆ ಮಾತ್ರೆ ಊಟಕ್ಕೆ ಮುಂಚೆಯೋ ನಂತರವೋ ಎಂದು ಹೇಳುವ ದನಿ. "ನಿಮ್ಮ ಹತ್ರ ಫೋಟೋ ಇವೆಯಲ್ಲ. ನೋಡ್ಕೊಳ್ಳಿ" ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು, ಪಾತ್ರೆಗಳ ಸದ್ದು.

ಅವನು ಕಂಪ್ಯೂಟರಿನ ಮುಂದೆ ಕೂತ. ಒಂದೊಂದು ಕ್ಯಾಮೆರಾಗೆ ಒಂದೊಂದು ಫೋಲ್ಡರು. ಪೇರಿಸಿದ, ಮೂಲೆ ಎತ್ತಿದ. ಅಕ್ಕ ಹೋದ ಮುಂದಿನ ವಾರದ್ದರಲ್ಲಿ ಕುರ್ಚಿ ಖಾಲಿ. ಅದರ ಮುಂದಿನದರಲ್ಲಿ ಅವಳಿದ್ದಳು. ಆಮೇಲೆ ಎರಡು ಖಾಲಿ, ಆಮೇಲೆ ಇದ್ದಳು, ಇದ್ದಳು, ಇದ್ದಳು. ಕ್ಯಾಮೆರಾಗಳು ಉತ್ತಮವಾಗುತ್ತ ಬಂದಂತೆ ಅವಳೂ ಸ್ಪಷ್ಟವಾಗುತ್ತ ಬಂದಳು. ಒಂದರಲ್ಲಿ ಮಡಿಲಲ್ಲಿ ಲೋಟ. ಒಂದರಲ್ಲಿ ಕನ್ನಡಕದ ಅಂಚಿಗೆ ಬೀದಿಯ ಬೆಳಕಿನ ಒಂದು ಚುಕ್ಕೆ. ಒಂದರಲ್ಲಿ ಬಾಯಿ ತುಸು ತೆರೆದಿತ್ತು, ಅವನ ಮಾತನ್ನು ಅವನ ಜೊತೆಗೇ ಹೇಳುತ್ತಿರುವ ಹಾಗೆ. ಒಂದೊಂದನ್ನು ನೋಡುವಾಗಲೂ ಆ ದಿನ ತಾನು ಯಾರ ಬಗ್ಗೆ ಏನಂದಿದ್ದೆನೆಂದು ಅವನಿಗೆ ನೆನಪಾಗುತ್ತಿತ್ತು. ಅವಳ ತಮ್ಮನ ಬಗ್ಗೆ. ಮಕ್ಕಳಾಗದ ಬಗ್ಗೆ, ಅದು ಯಾರ ದೋಷ ಎಂಬುದರ ಬಗ್ಗೆ. ಅವಳು ನಿದ್ದೆಯಲ್ಲಿ ಬಾಯಿ ತೆರೆದು ಮಲಗುವುದರ ಬಗ್ಗೆ. ಎಲ್ಲಕ್ಕೂ ಆ ಕಡೆಯಿಂದ ಫ್ಲ್ಯಾಶನ ನಗು.

ಕೊನೆಯದು ಹೋದ ಗುರುವಾರದ್ದು, ಹೊಸ ಸೆನ್ಸರು. ಇದಕ್ಕೆ ಹದಿನಾರು ಬೇಡ, ಒಂದೇ ಫ್ರೇಮು ಸಾಕು. ಇಷ್ಟು ಶುಭ್ರವಾದ ಕತ್ತಲೆಯನ್ನು ಅವನು ಇದುವರೆಗೆ ನೋಡಿರಲಿಲ್ಲ. ಆ ದಿನ ಅವನು ಅಂದದ್ದು, 'ನಮ್ಮನೇಲಿ ಮಾತೇ ಇಲ್ಲಪ್ಪ, ಗೋಡೆ ಜೊತೆ ಸಂಸಾರ ಮಾಡ್ದಂಗಿದೆ'. ಮೂಲೆ ಎತ್ತಿದ. ಕುರ್ಚಿ ಖಾಲಿಯಿತ್ತು. ಹೆಣಿಗೆಯ ಒಂದೊಂದು ಎಳೆಯೂ ಕಾಣುತ್ತಿತ್ತು, ಯಾರೂ ಇರಲಿಲ್ಲ. ಅವನು ಬಿಗಿಹಿಡಿದಿದ್ದ ಭುಜವನ್ನು ಸಡಿಲಬಿಟ್ಟ. ಅಷ್ಟರಲ್ಲಿ ಚಿತ್ರದ ಎಡ ಅಂಚಿನ ಮೇಲೆ ಕಣ್ಣು ಬಿತ್ತು. ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಕಪ್ಪು ಪಟ್ಟಿ. ಬಾಗಿಲ ಪರದೆಯ ಅಂಚೆಂದು ಅವನು ಅದನ್ನು ಐದು ದಿನದಿಂದ ನೋಡುತ್ತಲೇ ಇದ್ದ, ಲೇಖನದಲ್ಲಿ ಕತ್ತರಿಸಿ ಹಾಕಬೇಕೆಂದು ಗುರುತು ಕೂಡ ಮಾಡಿದ್ದ. ಅದನ್ನೂ ಎತ್ತಿದ. ಪರದೆಯ ನೆರಿಗೆ ಬರಲಿಲ್ಲ. ಕೂದಲು ಬಂತು, ಕಿವಿ ಬಂತು, ತೀರ ಹತ್ತಿರವಿದ್ದುದರಿಂದ ಮಸುಕಾದ ಕೆನ್ನೆ ಬಂತು. ಕ್ಯಾಮೆರಾದಿಂದ ಒಂದು ಮೊಳ ದೂರದಲ್ಲಿ ನಿಂತು, ಕಿಟಕಿಯ ಬಳಿ ಬೆನ್ನು ಹಾಕಿ ಹರಟುತ್ತಿದ್ದ ಅವನನ್ನು ಬಿಟ್ಟು, ಅವಳು ನೇರವಾಗಿ ಲೆನ್ಸಿನೊಳಗೆ ನೋಡುತ್ತಿದ್ದಳು, ಯಾವತ್ತೋ ಒಂದು ದಿನ ಆ ಚಿತ್ರದ ಕತ್ತಲೆ ಎತ್ತಿ ನೋಡುವವನಿಗೋಸ್ಕರ.

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಅವನು ಕಾದ. ಪಾತ್ರೆಯ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ. ಬಾಯಿ ತೆರೆದು ಏನಾದರೂ ಹೇಳಬೇಕೆಂದುಕೊಂಡ. ಯಾವ ಮಾತನ್ನು ತೆಗೆದುಕೊಂಡರೂ ಅದನ್ನು ಅವಳು ಮೊದಲೇ ಕೇಳಿಸಿಕೊಂಡಿದ್ದಾಳೆ ಅನ್ನಿಸಿತು.